ಏಳನೇ ತೊಟ್ಟಿಯ ದಪ್ಪ ಮರಳು

ಮೊದಲು ಗೊತ್ತಾದದ್ದು ಅಂಗಾಲಿಗೆ.

ಮುತ್ತಲಿಬ್ ಕಬ್ಬಿಣದ ಏಣಿ ಇಳಿದು, ನೀರು ಬತ್ತಿಸಿದ್ದ ಏಳನೇ ತೊಟ್ಟಿಯ ಮರಳಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದಿದ್ದ. ಐದನೆಯದನ್ನು ಇಡುವಾಗ ಕಾಲು ತಾನಾಗಿ ನಿಂತುಬಿಟ್ಟಿತು. ಅಲ್ಲಿಯವರೆಗೆ ಸಣ್ಣ ರವೆಯ ಹಾಗೆ ಮೆತ್ತಗಿದ್ದ ಮರಳು ಒಮ್ಮೆಗೇ ಕೊತ್ತಂಬರಿ ಕಾಳಿನ ಹಾಗೆ ಚುಚ್ಚಿತು.

ಅವನು ಕುಕ್ಕರುಗಾಲಲ್ಲಿ ಕೂತ. ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದ. ದಪ್ಪ ಕಾಳು. ನಡುವೆ ಕಡಲೆಯಷ್ಟು ದೊಡ್ಡ ಎರಡು ನುಣುಪು ಕಲ್ಲು.

ತಳದಲ್ಲಿರಬೇಕಾದ ಕಲ್ಲು ಮೇಲೆ ಬಂದದ್ದು ಹೇಗೆ?

ಅವನ ಜೊತೆಗಾರ ಕೊನ್ರಾಡ್ ಕೊಲ್ಲಿ ದೇಶದ ಈ ಕೊಳಚೆನೀರಿನ ಘಟಕದಿಂದಲೇ ಕಾಣೆಯಾಗಿ ಅಂದಿಗೆ ಹತ್ತೊಂಬತ್ತು ದಿನ. ‘ಕೆಲಸ ಬಿಟ್ಟು ಓಡಿಹೋಗಿದ್ದಾನೆ’ ಎಂದು ಕಂಪೆನಿ ಬರೆದುಕೊಟ್ಟಾಗಿತ್ತು. ಬರುವ ಶನಿವಾರದೊಳಗೆ ಅವನು ಬಂದು ಮುಖ ತೋರಿಸದಿದ್ದರೆ ಆ ಮಾತಿಗೆ ಸರಕಾರದ ಮೊಹರು ಬೀಳುತ್ತಿತ್ತು. ಮೊಹರು ಬಿದ್ದ ಮೇಲೆ ಅವನು ಹುಡುಕಬೇಕಾದ ಮನುಷ್ಯನಲ್ಲ, ಹಿಡಿಯಬೇಕಾದ ಕಳ್ಳ. ಅಂದು ಸೋಮವಾರ.

ಕೆಲಸ ತಿಳಿಯದವರಿಗೆ ಮರಳೆಲ್ಲ ಒಂದೇ. ಮುತ್ತಲಿಬ್ ಇಪ್ಪತ್ತೊಂದು ವರ್ಷ ಮರಳು ತೊಳೆದವನು. ಪಟ್ಟಣದ ಕೊಳಚೆಯೆಲ್ಲ ದೊಡ್ಡ ಹೊಂಡಗಳಲ್ಲಿ ತಿಳಿಯಾಗಿ, ಕೊನೆಗೆ ಈ ಎಂಟು ತೊಟ್ಟಿಗಳ ಮರಳಿನಲ್ಲಿ ಇಳಿದು ಹೊರಗೆ ಹೋಗಬೇಕು. ನೀರು ಇಳಿಯುತ್ತದೆ, ಕಸ ಮರಳಿನಲ್ಲಿ ಉಳಿಯುತ್ತದೆ. ದಿನಕ್ಕೊಮ್ಮೆ ಆ ಕಸ ತೆಗೆಯಲೇಬೇಕು. ತಳದಿಂದ ಗಾಳಿ ಊದಿ, ಅದರ ಹಿಂದೆಯೇ ಶುದ್ಧ ನೀರನ್ನು ಮೇಲಕ್ಕೆ ನುಗ್ಗಿಸಿದರೆ ಮೂರಡಿ ಮರಳು ಒಲೆಯ ಮೇಲಿನ ಗಂಜಿಯ ಹಾಗೆ ಕೊತಕೊತ ಕುದಿಯುತ್ತದೆ. ನೀರು ನಿಲ್ಲಿಸಿದಾಗ ಭಾರದ ಕಾಳು ಮೊದಲು ಕೂರುತ್ತದೆ, ಹಗುರದ್ದು ಕೊನೆಗೆ. ಹಾಗಾಗಿ ತೊಳೆದ ತೊಟ್ಟಿಯ ಮೇಲೆ ಯಾವತ್ತೂ ಸಣ್ಣ ಮರಳೇ.

ದಪ್ಪದ್ದು ಮೇಲಿದೆ ಎಂದರೆ ಯಾರೋ ಅಗೆದಿದ್ದಾರೆ. ಅಗೆದ ಮೇಲೆ ಈ ತೊಟ್ಟಿಯನ್ನು ಒಮ್ಮೆಯೂ ತೊಳೆದಿಲ್ಲ.

ಆದರೆ ಗೋಡೆಗೆ ತೂಗುಹಾಕಿದ ದಿನಚರಿ ಪುಸ್ತಕ ಬೇರೆ ಮಾತು ಹೇಳುತ್ತಿತ್ತು. ಮುತ್ತಲಿಬ್‌ಗೆ ಅಕ್ಷರ ಬಾರದು, ಅಂಕೆ ಬರುತ್ತದೆ. ಏಳರ ಸಾಲಿನಲ್ಲಿ ನಿನ್ನೆಯ ತಾರೀಕು ಇತ್ತು, ಮೊನ್ನೆಯದಿತ್ತು, ಅದರ ಹಿಂದಿನದೂ ಇತ್ತು. ಒಂದು ದಿನವೂ ತಪ್ಪಿರಲಿಲ್ಲ. ಪ್ರತಿ ತಾರೀಕಿನ ಪಕ್ಕ ಶಬೀರನ ಸಹಿ. ಮರಳಿನ ಮೂರನೆಯ ಆಳು ಅವನು, ಐದರಿಂದ ಎಂಟರವರೆಗಿನ ತೊಟ್ಟಿ ತೊಳೆಯುವುದು ಮೊದಲಿನಿಂದಲೂ ಅವನ ಪಾಲು.

ಕೊನ್ರಾಡ್ ಕಾಣೆಯಾದ ಮರುದಿನವೇ ಸೂಪರ್‌ವೈಸರ್ ರುಡಾಲ್ಫ್ ಮುತ್ತಲಿಬ್‌ನನ್ನು ಮರಳಿನಿಂದ ಬಿಡಿಸಿ, ಆಚೆ ತುದಿಯ ಪಂಪುಮನೆಗೆ ಹಾಕಿದ್ದ. ವಯಸ್ಸು ಐವತ್ತೆಂಟಾಯಿತು, ಏಣಿ ಹತ್ತಿಳಿಯುವುದು ಬೇಡ ಎಂದು ಬೆನ್ನು ತಟ್ಟಿದ್ದ. ಎಂಥ ಒಳ್ಳೆಯ ಮನುಷ್ಯ ಎಂದು ಆ ದಿನ ಅನಿಸಿತ್ತು. ಇವತ್ತು ರುಡಾಲ್ಫ್ ಪಟ್ಟಣದ ಆಫೀಸಿಗೆ ಹೋಗಿದ್ದರಿಂದ, ಪಂಪು ತನ್ನ ಪಾಡಿಗೆ ಓಡುತ್ತಿರಲಿ ಎಂದು ಬಿಟ್ಟು, ಮುತ್ತಲಿಬ್ ತನ್ನ ಮರಳನ್ನು ನೋಡಲು ಬಂದಿದ್ದ.

ಅವನು ಅಗೆದ ಜಾಗದ ಸುತ್ತ ಬೆರಳಾಡಿಸುತ್ತ ಬಂದ. ಏಣಿಯ ಮಗ್ಗುಲ ಮೂಲೆ. ಒಂದು ನಮಾಜಿನ ಚಾಪೆಯಷ್ಟು ಅಗಲ. ಕಳೆದ ಗುರುವಾರ ಎದ್ದ ಗಾಳಿಯ ಧೂಳು ತೊಟ್ಟಿಯ ಮೇಲೆಲ್ಲ ಅರಿಸಿನದ ಪುಡಿ ಹರಡಿದ ಹಾಗೆ ತೆಳ್ಳಗೆ ಕೂತಿತ್ತು. ಆ ಚಾಪೆಯಷ್ಟು ಜಾಗದಲ್ಲಿ ಮಾತ್ರ ಧೂಳಿಲ್ಲ.

ಅಂದರೆ ಗುರುವಾರದ ನಂತರ ಅಗೆದದ್ದು. ಕೊನ್ರಾಡ್ ಕಾಣೆಯಾಗಿ ಎರಡು ವಾರ ಕಳೆದ ಮೇಲೆ.

ಅವನು ಎರಡೂ ಕೈಯಿಂದ ಮರಳು ಬಗೆಯತೊಡಗಿದ. ತೋಳು ಮುಳುಗುವಷ್ಟು ಆಳಕ್ಕೆ ಹೋದಾಗ ಬೆರಳಿಗೆ ತಗಡಿನ ಅಂಚು ಸಿಕ್ಕಿತು. ಎಳೆದು ತೆಗೆದ. ಹಾಲಿನ ಪುಡಿಯ ಡಬ್ಬದ ಮುಚ್ಚಳ. ಮುಚ್ಚಳ ಮಾತ್ರ. ಅದರ ಕೆಳಗೆ ಡಬ್ಬ ಇದ್ದಿರಬೇಕಾದಲ್ಲಿ ಮರಳು ಸಡಿಲವಾಗಿ ಕುಸಿಯುತ್ತಿತ್ತು.

ಮುತ್ತಲಿಬ್ ಮುಚ್ಚಳವನ್ನು ಅಂಗಿಯೊಳಗೆ ಸೇರಿಸಿ, ಬಗೆದ ಮರಳನ್ನು ಮತ್ತೆ ತುಂಬಿದ. ತುಂಬಿ, ಅಂಗೈಯಿಂದ ಗೋಡೆಯ ಕಡೆಯಿಂದ ಕಾಲುವೆಯ ಕಡೆಗೆ ಎಳೆದು ಮಟ್ಟ ಮಾಡಿದ. ಮಾಡುತ್ತಿರುವಾಗಲೇ ಕೈ ನಿಂತಿತು. ತನಗಿಂತ ಮೊದಲು ಅಗೆದವನೂ ಇದನ್ನೇ ಮಾಡಿದ್ದನಲ್ಲ. ಹೊರಗಿನವನಾದರೆ ಗುಪ್ಪೆ ಹಾಗೇ ಬಿಟ್ಟು ಓಡುತ್ತಿದ್ದ. ರುಡಾಲ್ಫ್ ಆದರೆ ಗುಂಡಿ ಒತ್ತಿ ತೊಟ್ಟಿ ತೊಳೆಸುತ್ತಿದ್ದ, ಗುರುತೇ ಇರುತ್ತಿರಲಿಲ್ಲ. ಗಾಳಿಯಂತ್ರದ ಸದ್ದಿಗೆ ಹೆದರಿ ತೊಳೆಯದೆ, ಆದರೂ ಮರಳು ಏರುತಗ್ಗು ಬಿಡಲು ಮನಸ್ಸು ಬಾರದೆ ಮಟ್ಟ ಮಾಡಿ ಹೋದವನು ಮರಳಿನ ಮನುಷ್ಯನೇ.

ಮರಳಿನ ಮನುಷ್ಯರು ಇಲ್ಲಿ ಮೂವರೇ ಇದ್ದದ್ದು. ತಾನು, ಶಬೀರ್, ಕೊನ್ರಾಡ್. ದಿನಾ ಆ ಯಂತ್ರ ಓಡಿಸುವ ಶಬೀರನಿಗೆ ಅದರ ಸದ್ದಿನ ಹೆದರಿಕೆ ಇಲ್ಲ.

ಅವನು ಏಣಿಯ ಮೆಟ್ಟಿಲು ಹಿಡಿದ. ಕೊನ್ರಾಡ್ ಬದುಕಿದ್ದಾನೆಯೇ?

ಯುದ್ಧ ಮುಗಿದ ವರ್ಷ ಇದೇ ಏಣಿಯಲ್ಲಿ ಅವರಿಬ್ಬರು ಇಳಿದಿದ್ದರು. ಏಳು ತಿಂಗಳು ನೀರು ಕಾಣದೆ ಮರಳು ಕಲ್ಲಾಗಿತ್ತು. ಊರಿಗೆ ಓಡಿ, ಮತ್ತೆ ಇಲ್ಲಿಗೇ ಮರಳಿದವರಲ್ಲಿ ಅವರು ಮೊದಲಿಗರು. ಎಣ್ಣೆಬಾವಿಗಳ ಹೊಗೆಗೆ ಹಗಲೇ ಕತ್ತಲೆ. ಪಿಕ್ಕಾಸಿನಲ್ಲಿ ಮರಳು ಒಡೆಯುತ್ತ, ಮಸಿ ಮುಖದ ಕೊನ್ರಾಡ್ ಕೇಳಿದ್ದ, ಇಲ್ಲಿ ತಲುಪಿದ ಸುದ್ದಿ ಮನೆಗೆ ಬರೆದಿರಾ ಎಂದು. ಬರೆಯಲು ಬರುವುದಿಲ್ಲ ಎಂದು ಮುತ್ತಲಿಬ್ ಮೊದಲ ಸಲ ಒಬ್ಬನ ಮುಂದೆ ಒಪ್ಪಿಕೊಂಡದ್ದು ಆವಾಗ. ಅಂದು ಸಂಜೆಯೇ ಕೊನ್ರಾಡ್ ಬರೆಯಲು ಕಾಗದ ಇಲ್ಲದೆ ಸಿಮೆಂಟಿನ ಚೀಲ ಹರಿದು ಅದರ ಒಳಪದರದ ಮೇಲೆ ಬರೆದುಕೊಟ್ಟ.

ಆರು ವರ್ಷ ಊರಿನಲ್ಲಿದ್ದ ಹೆಂಡತಿ ಜೈನಬಾಳಿಗೆ ಹೋದ ಕಾಗದವೆಲ್ಲ ಕೊನ್ರಾಡನ ಕೈಯದು. ಅವಳು ನೆರೆಮನೆಯ ಹುಡುಗಿಯಿಂದ ಬರೆಸಿದ ಉತ್ತರ ಓದುವವನೂ ಅವನೇ. ಬೇಗ ಬೇಗ ಓದುತ್ತಿರಲಿಲ್ಲ. ಬಾವಿಕಟ್ಟೆಗೆ ಹೊಸ ರಾಟೆ ಹಾಕಿಸಿದೆ ಎಂಬ ಸಾಲು ಬಂದರೆ ಸ್ವಲ್ಪ ನಿಲ್ಲಿಸುತ್ತಿದ್ದ, ಮುತ್ತಲಿಬ್ ಆ ರಾಟೆಯ ಸದ್ದು ಕೇಳಿ ಮುಗಿಸಲಿ ಎಂದು. ಕೊನೆಕೊನೆಗೆ ಜೈನಬಾಳ ದನಿ ಹೇಗಿತ್ತೆಂಬುದೇ ಮರೆತು, ಕೊನ್ರಾಡನ ದನಿಯೇ ಅವಳದ್ದಾಗಿತ್ತು.

ಅವಳ ಹೊಸ ಕಾಗದವೊಂದು ಹದಿನಾರು ದಿನದಿಂದ ಒಡೆಯದೆ ಮುತ್ತಲಿಬ್‌ನ ಕಿಸೆಯಲ್ಲಿತ್ತು. ಶಬೀರನಿಗೆ ಓದಲು ಬರುತ್ತದೆ, ಕೇಳಿದರೆ ಓದಿಯೂ ಕೊಡುತ್ತಾನೆ. ಆದರೆ ಅವನು ಅವಳ ತವರಿನ ಕಡೆಯವನು. ಹೆಂಡತಿಯ ಮಾತನ್ನು ಅವನ ಬಾಯಲ್ಲಿ ಕೇಳಲು ಯಾಕೋ ಮನಸ್ಸಾಗಿರಲಿಲ್ಲ.

ಶಬೀರ್ ಐದನೇ ತೊಟ್ಟಿಯ ಕಟ್ಟೆಯ ಮೇಲೆ ಸುಲೈಮಾನಿ ಚಾ ಹೀರುತ್ತ ಕೂತಿದ್ದ. ನಲ್ವತ್ತರ ಆಳು, ಗಟ್ಟಿ ಮೈ, ಬಾಯಿ ತುಂಬ ತಮಾಷೆ. ಮುತ್ತಲಿಬ್ ಬರುವುದನ್ನು ಕಂಡು, ಮರಳಿನ ಡಾಕ್ಟ್ರು ರೌಂಡ್ಸಿಗೆ ಬಂದ್ರಾ, ಪೇಷಂಟ್ ಹೇಗುಂಟು ಎಂದು ಕೇಳಿದ.

ಮುತ್ತಲಿಬ್ ಕೈಯಲ್ಲಿದ್ದ ಎರಡು ಕಲ್ಲನ್ನು ಅವನ ಪಕ್ಕ ಕಟ್ಟೆಯ ಮೇಲಿಟ್ಟ. ಶಬೀರ್ ಕಲ್ಲು ನೋಡಿದ, ಏಳನೇ ತೊಟ್ಟಿಯ ಕಡೆ ನೋಡಿದ, ಚಾ ಲೋಟ ಕೆಳಗಿಟ್ಟ. ಅವನೂ ಈ ಕೆಲಸದವನೇ, ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಮೇಲೆ ಅವನು ಹೇಳಿದ್ದು ಇಷ್ಟು. ಏಳನೇ ತೊಟ್ಟಿಯ ಗಾಳಿ ಕೊಳವೆ ಒಡೆದು ಇಪ್ಪತ್ತೆರಡು ದಿನವಾಯಿತು. ರಿಪೇರಿ ಬರುತ್ತದೆ, ಅಲ್ಲಿಯವರೆಗೆ ತೊಳೆದದ್ದಾಗಿ ಬರೆಯುತ್ತಿರು ಎಂದು ರುಡಾಲ್ಫ್ ಹೇಳಿದ್ದ. ಏಳು ಒಂದೇ ಅಲ್ಲ. ಕಳೆದ ವರ್ಷದಿಂದ ಎಷ್ಟೋ ಸಲ ಐದೂ ಆರೂ ಹೀಗೇ ನಿಂತಿವೆ. ಆ ದಿನಗಳಲ್ಲಿ ನೀರು ಮರಳಿಗೆ ಇಳಿಯದೆ ಪಕ್ಕದ ಕಾಲುವೆಯಲ್ಲಿ ಸೀದಾ ಹೊರಗೆ ಹೋಗುತ್ತಿತ್ತು, ಸೊಪ್ಪು ಬೆಳೆಯುವ ತೋಟಗಳಿಗೆ. ಅದು ಕೊನ್ರಾಡನಿಗೆ ಗೊತ್ತಿತ್ತು, ರುಡಾಲ್ಫನ ಜೊತೆ ಅವನಿಗೆ ಮಾತಿಗೆ ಮಾತು ಬೆಳೆದದ್ದೂ ಉಂಟು. ಅಗೆದವರು ಯಾರೋ ತನಗೆ ತಿಳಿಯದು. ಇಷ್ಟು ಹೇಳಿ ಶಬೀರ್ ತಲೆ ತಗ್ಗಿಸಿ ಕಣ್ಣೊರಸಿಕೊಂಡ. ಇಲ್ಲಿ ಉಳಿಯುವ ಪರವಾನಗಿ ಇಕಾಮಾ, ಅದರ ನವೀಕರಣ ರುಡಾಲ್ಫನ ಕೈಯಲ್ಲಿರುವಾಗ ಬೇರೆ ಎಂತ ಮಾಡುವುದಿತ್ತು ಎಂದ.

ಮುತ್ತಲಿಬ್ ಅವನ ಹೆಗಲ ಮೇಲೆ ಕೈ ಇಟ್ಟ. ಬೈಯುವ ಮನಸ್ಸಾಗಲಿಲ್ಲ. ಸಿಕ್ಕಿದ ಡಬ್ಬದ ಮುಚ್ಚಳವನ್ನು ತೋರಿಸಿ, ಕೊನ್ರಾಡ್ ಬದುಕಿದ್ದಾನೆ ಎಂದು ತನಗೆ ಅನಿಸುತ್ತದೆ, ಲಿಜ್ಜಿಗೆ ಈಗಲೇ ಹೇಳಬೇಕು ಎಂದ.

ಶಬೀರ್ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದೆ ಕೊಟ್ಟ. ಬಸ್ಸಿಗೆ ಕಾದರೆ ರಾತ್ರಿ ಆಗುತ್ತದೆ, ಕಂಪೆನಿಯ ಪಿಕಪ್ಪಿನಲ್ಲಿ ನಾನೇ ಅವಳಿರುವ ಫರ್ವಾನಿಯಾಕ್ಕೆ ಬಿಡುತ್ತೇನೆ, ಹಿಂದೆ ಬರುವಾಗ ಫಹಾಹೀಲಿನ ನಿಮ್ಮ ಕೋಣೆಗೂ ಕರೆದುಕೊಂಡು ಹೋಗುತ್ತೇನೆ ಎಂದ.

ಲಿಜ್ಜಿ ಕೊನ್ರಾಡನ ಹೆಂಡತಿ. ಒಂದು ಕ್ಲಿನಿಕ್ಕಿನಲ್ಲಿ ಆಯಾ. ಗಂಡಹೆಂಡತಿ ತಮ್ಮ ಊರಿನವನೇ ಆದ ಪಾಯಸನ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದಿದ್ದರು. ಶಬೀರ್ ಕೆಳಗೆ ಗಾಡಿಯಲ್ಲೇ ಕೂತ. ಮುತ್ತಲಿಬ್ ಮೂರು ಮಹಡಿ ಹತ್ತಿ ಬಾಗಿಲು ತಟ್ಟುವಾಗ ಇಳಿಹೊತ್ತಿನ ಅಸರ್ ಬಾಂಗು ಮುಗಿದು ಬಹಳ ಹೊತ್ತಾಗಿತ್ತು.

ಬಾಗಿಲು ತೆಗೆದ ಪಾಯಸ್ ಬನಿಯನ್ನಿನಲ್ಲಿದ್ದ. “ಬನ್ನಿ ಬ್ಯಾರಿಗಳೇ. ಚಪ್ಪಲಿ ಮಾತ್ರ ಹೊರಗೆ ಕೊಡವಿ ಬನ್ನಿ, ಇಲ್ಲದಿದ್ದರೆ ಒಳಗೆ ಇನ್ನೊಂದು ಮರುಭೂಮಿ ಆಗ್ತದೆ. ಈಗಾಗಲೇ ಒಂದುಂಟು” ಎಂದು ಲಿಜ್ಜಿಯ ಕೋಣೆಯ ಕಡೆ ಗದ್ದ ತೋರಿಸಿ, ತನ್ನ ಟೀವಿಯ ಮುಂದೆ ಹೋಗಿ ಕೂತ.

ಅವನು ಹೇಳಿದ ಮರುಭೂಮಿ ಲಿಜ್ಜಿಯ ಬಾಗಿಲ ಒಳಗಿನ ಮೂಲೆಯಲ್ಲಿತ್ತು. ಕೊನ್ರಾಡ್ ದಿನಾ ಕೆಲಸದಿಂದ ಬಂದು ಪ್ಯಾಂಟಿನ ಮಡಿಕೆ ಬಿಚ್ಚಿದ ಕೂಡಲೇ ಅಲ್ಲಿ ಒಂದು ಚಮಚ ಮರಳು ಉದುರುತ್ತಿತ್ತು. ಲಿಜ್ಜಿ ಬೈದುಕೊಂಡೇ ಗುಡಿಸುತ್ತಿದ್ದಳು. ಹತ್ತೊಂಬತ್ತು ದಿನದಿಂದ ಅವಳು ಆ ಮೂಲೆಗೆ ಪೊರಕೆ ತಾಗಿಸಿರಲಿಲ್ಲ. ನೆಲವೆಲ್ಲ ಕನ್ನಡಿಯ ಹಾಗೆ, ಆ ಮೂಲೆ ಮಾತ್ರ ಹಾಗೇ.

ಅವಳು ಕುರ್ಚಿ ಎಳೆದು ಹಾಕಿದಳು. ಮುಖ ಬಾಡಿತ್ತು, ಆದರೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ಯಾರೋ ಬರುತ್ತಾರೆಂದು ಕಾದವರ ಹಾಗೆ. ಅವನು ಮಾತು ಶುರು ಮಾಡುವ ಮೊದಲೇ ಅವಳು ಕೇಳಿದ್ದು ಜೈನಬಾಳ ಕಾಗದದ ವಿಷಯ. ಇನ್ನೂ ಓದಿಸಲಿಲ್ಲವಾ, ಕೊಡಿ, ನಾನು ಓದ್ತೇನೆ ಎಂದಳು.

“ಬೇಡ. ಅವನೇ ಬಂದು ಓದ್ಲಿ” ಎಂದ ಮುತ್ತಲಿಬ್.

ಅವಳ ಕಣ್ಣಲ್ಲಿ ಏನೋ ಹೊಳೆದು, ಕೂಡಲೇ ಅಡಗಿತು. ನಾಳೆ, ನಾಡಿದ್ದರಲ್ಲಿ ಬರಬಹುದು ಎಂದು ಗೊಣಗಿದಂತೆ ಹೇಳಿ, ಚಾ ಇಡಲು ಎದ್ದಳು.

ನಾಳೆ ನಾಡಿದ್ದು ಎಂದು ಇವಳಿಗೆ ಯಾರು ಹೇಳಿದರು? ಮುತ್ತಲಿಬ್ ನೆಲ ನೋಡಿದ. ಕಣ್ಣು ಅಭ್ಯಾಸದಿಂದ ಆ ಮೂಲೆಯ ಮರಳಿಗೆ ಹೋಯಿತು. ಹಳೆಯದು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಎಲ್ಲ ಸಣ್ಣ ಕಾಳು, ಮೇಲ್ಮರಳು. ದಿನಾ ತೊಳೆಯುವವನ ಪ್ಯಾಂಟಿಗೆ ಹತ್ತುವುದು ಅದೇ. ಅದರ ಪಕ್ಕ, ಹೆಂಗಸರ ಚಪ್ಪಲಿಯ ಅಡಿಯಲ್ಲಿ ಬೇರೆ ಮರಳಿತ್ತು. ಹೊಳೆಯುವ ದಪ್ಪ ಕಾಳು. ನಡುವೆ ಒಂದು ನುಣುಪು ಕಲ್ಲು.

ಅವನು ಎದ್ದು ಆ ಕಲ್ಲನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು, ಅವಳು ಚಾ ತರುವವರೆಗೆ ಕಾದ.

ಬೇರೆ ಏನನ್ನೋ ಹೇಳಲು ಮೂರು ಮಹಡಿ ಹತ್ತಿ ಬಂದಿದ್ದ. ಅಗೆದದ್ದು ಕೊನ್ರಾಡ್, ನಿನ್ನ ಗಂಡ ಬದುಕಿದ್ದಾನೆ ಎಂದು. ಈಗ ಆ ಸಂತೋಷ ಕೈಯಲ್ಲಿನ ಕಲ್ಲಾಗಿ ಕೂತಿತ್ತು.

“ಶುಕ್ರವಾರ ಮಧ್ಯಾಹ್ನ ಏಳನೇ ತೊಟ್ಟಿಗೆ ಇಳಿದದ್ದು ನೀನು” ಎಂದ ಮೆಲ್ಲಗೆ.

ಲಿಜ್ಜಿ ಚಾ ಲೋಟವನ್ನು ಅವನ ಮುಂದಿಟ್ಟಳು. “ಶುಕ್ರವಾರ ಅಂತ ಹೇಗೆ ಹೇಳ್ತೀರಿ ನೀವು?”

“ಮತ್ತೆ ಯಾವ ದಿನ ಅಲ್ಲಿ ಯಾರೂ ಇರುವುದಿಲ್ಲ?”

ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಕೊನ್ರಾಡ್ ಕೆಲಸಕ್ಕೆ ಬರುತ್ತಿದ್ದ. ಮುತ್ತಲಿಬ್, ಶಬೀರ್ ಜುಮಾ ನಮಾಜಿಗೆ ಹೋಗುವ ಒಂದು ಗಂಟೆ ಎಂಟು ತೊಟ್ಟಿಗಳಿಗೆ ಅವನೊಬ್ಬನೇ ಕಾವಲು. ಯಾರೂ ಬರೆದಿಟ್ಟ ನಿಯಮ ಅಲ್ಲ, ಮೂವರ ನಡುವಿನ ಒಪ್ಪಂದ. ಆ ಗಂಟೆಯಲ್ಲಿ ತಿನ್ನಲೆಂದು ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ಲಿಜ್ಜಿ. ಅವನಿಲ್ಲದ ಶುಕ್ರವಾರ ಆ ಗಂಟೆ ಬರಿದೆಂದು ಅವಳಿಗಲ್ಲದೆ ಯಾರಿಗೆ ಗೊತ್ತು?

ಅವಳು ಮಂಚದ ಅಂಚಿಗೆ ಕೂತಳು. ಅಳಲಿಲ್ಲ. ಗೇಟಿನವನಿಗೆ ಗಂಡನ ಬಟ್ಟೆ ಒಯ್ಯಬೇಕೆಂದು ಹೇಳಿ ಒಳಗೆ ಹೋದದ್ದು, ಏಣಿಯಲ್ಲಿ ಇಳಿದದ್ದು, ಅಗೆದದ್ದು ಎಲ್ಲ ಒಂದೇ ಉಸಿರಿಗೆ ಹೇಳಿದಳು. ಡಬ್ಬ ಮೇಲಕ್ಕೆ ಎಳೆಯುವಾಗ ಮುಚ್ಚಳ ಕಳಚಿ ಬಿತ್ತಂತೆ. ಹುಡುಕಲು ಹೊತ್ತಿರಲಿಲ್ಲವಂತೆ.

“ಹೊತ್ತಿಲ್ಲದಿದ್ರೂ ಮರಳು ಮಟ್ಟ ಮಾಡಿದ್ದೀಯಲ್ಲ.”

“ಮರಳು ಸಮ ಇಲ್ಲದಿದ್ರೆ ನೀರು ಸಮ ಇಳಿಯುದಿಲ್ಲ ಅಂತ ದಿನಾ ಹೇಳ್ತಿದ್ರು. ಊಟ ಮಾಡುವಾಗ ಅನ್ನವನ್ನೂ ಹಾಗೇ ಬೆರಳಲ್ಲಿ ಎಳೀತಾರೆ, ನೀವು ನೋಡಿದ್ದೀರಲ್ಲ.” ಅವಳು ತನ್ನ ಬೆರಳು ನೋಡಿಕೊಂಡಳು. “ಅಲ್ಲಿ ಕೂತು ಮರಳು ಎಳೀವಾಗ ಅವರ ಹತ್ತಿರ ಇದ್ದ ಹಾಗೇ ಆಯ್ತು ಮುತ್ತಲಿಬಾಕ. ಏಳ್ಲಿಕ್ಕೇ ಮನಸ್ಸು ಬರಲಿಲ್ಲ.”

ಡಬ್ಬದಲ್ಲಿ ಹನ್ನೊಂದು ಸಣ್ಣ ಬಾಟಲಿಗಳಿದ್ದವು. ತೊಟ್ಟಿಗಳು ನಿಂತ ದಿನಗಳಲ್ಲಿ ಹೊರಗೆ ಹೋದ ನೀರು. ಕೊನ್ರಾಡ್ ಒಂದೊಂದರ ಮೇಲೂ ತಾರೀಕು ಬರೆದು ಅಂಟಿಸಿದ್ದ. ಪುಸ್ತಕದಲ್ಲಿ ತೊಳೆದದ್ದಾಗಿ ಬರೆದ ತಾರೀಕುಗಳೇ. ನೀರು ಕದಡಿ, ತಳದಲ್ಲಿ ಕಪ್ಪು ಕೂತಿತ್ತು. ಈ ನೀರು ಸೊಪ್ಪಿಗೆ ಹೋಗ್ತದೆ, ಜನ ಆ ಸೊಪ್ಪನ್ನು ಹಸಿಯಾಗಿ ತಿಂತಾರೆ, ನನಗೆ ಸುಮ್ಮನಿರ್ಲಿಕ್ಕೆ ಆಗುದಿಲ್ಲ ಎಂದು ಅವನು ಅವಳಿಗೊಬ್ಬಳಿಗೇ ಹೇಳಿದ್ದ. ಇಟ್ಟ ಜಾಗವನ್ನೂ ಅವಳೊಬ್ಬಳಿಗೇ.

“ಈಗ ಆ ಡಬ್ಬ ಎಲ್ಲುಂಟು?”

ಅವಳು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಚೆ ಕೋಣೆಯಲ್ಲಿ ಪಾಯಸನ ಟೀವಿ ಯಾರನ್ನೋ ನಗಿಸುತ್ತಿತ್ತು.

“ಕೊಟ್ಟೆ” ಎಂದಳು ಕೊನೆಗೆ. “ಶನಿವಾರ. ರುಡಾಲ್ಫರಿಗೆ.”

ಮುತ್ತಲಿಬ್ ಕಣ್ಣು ಮುಚ್ಚಿದ. ಹನ್ನೊಂದೂ ಕೊಟ್ಟೆಯಾ ಎಂದು ಕೇಳಿದ. ಹನ್ನೊಂದೂ ಎಂದಳು. ಒಂದನ್ನಾದರೂ ಇಟ್ಟುಕೊಳ್ಳಬೇಕೆಂದು ಅನಿಸಲಿಲ್ಲವಾ ಎಂದ. ಅದಕ್ಕೆ ಅವಳು ತಲೆ ಎತ್ತಿದಳು. ಆ ನೋಟದಲ್ಲಿ ಸಿಟ್ಟಿತ್ತು.

“ನನಗೆ ಬಾಟಲಿ ಎಂತಕ್ಕೆ? ನನಗೆ ಅವರು ಬೇಕು.”

ಆಮೇಲೆ ಅವಳು ದಿಂಬಿನ ಕೆಳಗಿನಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ಕಳೆದ ಬುಧವಾರ ರುಡಾಲ್ಫನೇ ತಂದು ಕೊಟ್ಟದ್ದು. ಯಾರೋ ಡ್ರೈವರ್ ಆಫೀಸಿನ ಬಾಗಿಲಲ್ಲಿ ಇಟ್ಟು ಹೋದನೆಂದು ಹೇಳಿದ್ದನಂತೆ. ಯಾರಿಗೂ ತೋರಿಸಬಾರದು, ತೋರಿಸಿದರೆ ನಿನ್ನ ಗಂಡನ ಕೇಸು ಬಿಗಿಯಾಗುತ್ತದೆ ಎಂದೂ ಹೇಳಿದ್ದನಂತೆ. ಕಾಗದ ಐದು ದಿನದಲ್ಲೇ ಮಡಿಕೆಗಳಲ್ಲಿ ಸವೆದು ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ.

“ಅವರದೇ ಕೈ. ನಾನು ಸಾವಿರ ಅಕ್ಷರದಲ್ಲಿ ಗುರುತು ಹಿಡೀತೇನೆ” ಎಂದಳು. “ಕೇಳಿ.”

ಅವಳು ನಿಧಾನವಾಗಿ ಓದಿದಳು.

“‘ಪ್ರೀತಿಯ ಲಿಜ್ಜಿ, ನಾನು ಕ್ಷೇಮವಾಗಿದ್ದೇನೆ. ನನ್ನನ್ನು ಯಾರೂ ಹುಡುಕುವುದು ಬೇಡ. ನಾನು ನಿನಗೆ ಹೇಳಿದ ಜಾಗದಲ್ಲಿರುವ ಡಬ್ಬವನ್ನು ತೆಗೆದು ರುಡಾಲ್ಫರ ಕೈಗೆ ಕೊಡು. ಅದು ಅವರಿಗೆ ಸಿಕ್ಕಿದ ಮೇಲೆ ನಾನು ಮನೆಗೆ ಬರುತ್ತೇನೆ. ಹೆದರಬೇಡ. ಸರಿಯಾಗಿ ಊಟ ಮಾಡು.’”

ಓದಿ ಮುಗಿಸಿ ಕಾಗದವನ್ನು ಎದೆಗೆ ಒತ್ತಿಕೊಂಡಳು. ಕೊಟ್ಟು ಎರಡು ದಿನವಾಯಿತು, ದಿನಾ ಸಂಜೆ ಸೀರೆ ಉಟ್ಟು ಕೂತಿರುತ್ತೇನೆ, ಮೆಟ್ಟಿಲಲ್ಲಿ ಸದ್ದಾದರೆ ಸಾಕು ಎದ್ದು ಬಾಗಿಲಿಗೆ ಬರುತ್ತೇನೆ ಎಂದಳು.

ಮುತ್ತಲಿಬ್‌ಗೆ ಏನೋ ಸರಿ ಕಾಣುತ್ತಿರಲಿಲ್ಲ, ಏನೆಂದು ಹಿಡಿಯಲಾಗುತ್ತಿರಲಿಲ್ಲ. ಕಾಗದದಲ್ಲಿ ತಪ್ಪಿರಲಿಲ್ಲ. ಊಟ ಮಾಡು ಎಂಬುದು ಕೊನ್ರಾಡನದೇ ಮಾತು. ಅವನಿಗೆ ಎಲ್ಲವೂ ಅರ್ಥವಾಗಿತ್ತು.

ಎಲ್ಲವೂ ಅರ್ಥವಾಗಿತ್ತು.

ಅವನು ನೆಟ್ಟಗೆ ಕೂತ. ಲಿಜ್ಜಿ ಇಲ್ಲಿಗೆ ಬರುವ ಮೊದಲು ನಾಲ್ಕು ವರ್ಷ ಕೊನ್ರಾಡ್ ಇವನ ಪಕ್ಕದಲ್ಲೇ ಕೂತು ಅವಳಿಗೆ ಬರೆಯುತ್ತಿದ್ದ. ಬರೆಯುವುದನ್ನು ಬಾಯಲ್ಲಿ ಗುನುಗುವುದು ಅವನ ಚಾಳಿ. ಮುತ್ತಲಿಬ್‌ಗೆ ಅದರಲ್ಲಿ ಒಂದೂ ತಿಳಿಯುತ್ತಿರಲಿಲ್ಲ, ಎಲ್ಲ ಕೊಂಕಣಿ. ನಿಮ್ಮ ಗುಟ್ಟು ನನ್ನ ಕೈಯಲ್ಲುಂಟು, ನನ್ನದು ನಿಮಗೆ ಸಿಕ್ಕುದಿಲ್ಲ ಎಂದು ಕೊನ್ರಾಡ್ ನಗುತ್ತಿದ್ದ.

“ಲಿಜ್ಜಿ, ಅವನು ನಿನಗೆ ಕನ್ನಡದಲ್ಲಿ ಬರೆಯುದುಂಟಾ?”

“ಅಕ್ಷರ ಯಾವಾಗ್ಲೂ ಕನ್ನಡವೇ ಅಲ್ವಾ?”

“ಅಕ್ಷರ ಅಲ್ಲ. ಮಾತು.”

ಅವಳು ಕಾಗದ ನೋಡಿದಳು. ಐದು ದಿನದಲ್ಲಿ ನೂರು ಸಲ ಓದಿದ ಕಾಗದವನ್ನು ಮೊದಲ ಸಲ ಎಂಬಂತೆ ನೋಡಿದಳು. “ಇಲ್ಲ” ಎಂದಳು. “ನನ್ನ ಹತ್ತಿರ ಒಂದು ದಿನವೂ ಕನ್ನಡ ಆಡಿದವರಲ್ಲ. ಕೈ ನೋಡಿದ ಕೂಡ್ಲೇ ನನಗೆ... ಮತ್ತೆ ಎಂತದೂ ಕಾಣಲಿಲ್ಲ.”

ಮುತ್ತಲಿಬ್ ಮರಳು ಸೋಸಿದ ಹಾಗೆ ಒಂದೊಂದಾಗಿ ತೆಗೆದು ನೋಡಿದ. ಗಂಡನಾದವನು ಹೆಂಡತಿಗೆ ಮನೆಮಾತು ಬಿಟ್ಟು ಬರೆಯಬೇಕಾದರೆ ಯಾರೋ ತಲೆಯ ಮೇಲೆ ನಿಂತು ಬರೆಸಿರಬೇಕು. ಸಾಲು ಸಾಲು ಓದಿ, ಅಡಗಿಸಿಟ್ಟ ಮಾತು ಒಂದೂ ಇಲ್ಲವೆಂದು ನೋಡಿಕೊಂಡು ಕಳಿಸಿರಬೇಕು. ನಿಂತು ಬರೆಸಿದವನು ರುಡಾಲ್ಫ್ ಆಗಿದ್ದರೆ ಕೊಂಕಣಿಯಲ್ಲೇ ಬರೆಸುತ್ತಿದ್ದ, ಅವನ ಮನೆಮಾತೂ ಅದೇ. ಈಜಿಪ್ಟಿನವನೋ ಬಂಗಾಳಿಯೋ ಆಗಿದ್ದರೆ ಕನ್ನಡವೂ ಕೊಂಕಣಿಯೂ ಅವನಿಗೆ ಒಂದೇ. ಕನ್ನಡದಲ್ಲೇ ಬರಿ ಎಂದವನಿಗೆ ಕನ್ನಡ ಓದಲು ಬರುತ್ತದೆ, ಕೊಂಕಣಿ ಬರುವುದಿಲ್ಲ.

ಘಟಕದ ನೂರೈವತ್ತು ಜನರಲ್ಲಿ ಕನ್ನಡ ಬಲ್ಲ, ಕೊಂಕಣಿ ಅರಿಯದ ಇಬ್ಬರನ್ನು ಅವನು ಬಲ್ಲ. ಒಬ್ಬ ತಾನು, ಓದಲು ಬಾರದವನು.

ಇನ್ನೊಬ್ಬ ಕೆಳಗೆ ಗಾಡಿಯಲ್ಲಿ ಕೂತಿದ್ದ.

ಹೆಗಲ ಮೇಲೆ ಕೈ ಇಟ್ಟು ಸಮಾಧಾನ ಹೇಳಿದ್ದು ನೆನಪಾಯಿತು. ಮುಚ್ಚಳ ತೋರಿಸಿದ್ದು, ದಾರಿಯುದ್ದಕ್ಕೂ ಧೂಳಿನ ಲೆಕ್ಕ, ಕಲ್ಲಿನ ಲೆಕ್ಕ ಎಲ್ಲ ಬಿಡಿಸಿ ಹೇಳಿದ್ದು ನೆನಪಾಯಿತು. ಶಬೀರ್ ಹೂಂ ಹೂಂ ಎನ್ನುತ್ತ ಕೇಳಿದ್ದ.

“ಯಾರು?” ಎಂದಳು ಲಿಜ್ಜಿ. ಅವನ ಮುಖ ನೋಡಿ ಅವಳ ದನಿ ಇಳಿದಿತ್ತು.

ಅವನು ಹೆಸರು ಹೇಳಿದ. ಕಿಟಕಿಯ ಕಡೆ ಧಾವಿಸಿದವಳನ್ನು ಕೈ ಹಿಡಿದು ನಿಲ್ಲಿಸಿದ. ಬೊಬ್ಬೆ ಹಾಕಿದರೆ ಅವನು ಗಾಡಿ ಬಿಟ್ಟುಕೊಂಡು ಹೋಗುತ್ತಾನೆ. ಆಮೇಲೆ ಪೊಲೀಸರು ಅವನನ್ನು ಹಿಡಿದು, ಅವನು ಬಾಯಿಬಿಡುವಷ್ಟರಲ್ಲಿ ಶನಿವಾರ ಕಳೆದಿರುತ್ತದೆ. ಬಾಟಲಿಗಳು ಕೈಗೆ ಸಿಕ್ಕಿದ ಮೇಲೆ ಕೊನ್ರಾಡನನ್ನು ಇಟ್ಟುಕೊಳ್ಳಬೇಕಾದ ಅಗತ್ಯ ಅವರಿಗಿಲ್ಲ, ಬಿಡುವ ಧೈರ್ಯವೂ ಇಲ್ಲ. ಇದನ್ನು ಮುತ್ತಲಿಬ್ ಅವಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

“ಅವನಿರುವ ಜಾಗ ಬಲ್ಲವನು ಇವನೊಬ್ಬ. ಇವನ ಜೊತೆ ನಾನು ಹೋಗ್ತೇನೆ” ಎಂದ.

“ನಿಮ್ಮನ್ನೂ ಏನಾದ್ರೂ ಮಾಡಿದ್ರೆ?”

“ನಾಳೆ ಬೆಳಿಗ್ಗೆ ಹತ್ತು ಗಂಟೆಯವರೆಗೆ ಕಾಯಿ. ನಾನು ಬರದಿದ್ರೆ ಪಾಯಸನನ್ನು ಕರ್ಕೊಂಡು ಎಂಬೆಸಿಗೆ ಹೋಗು. ಈ ಕಾಗದ ಅವರಿಗೆ ತೋರಿಸು, ಯಾರ ಕೈಗೂ ಕೊಡ್ಬೇಡ.”

ಲಿಜ್ಜಿ ಅವನ ತೋಳು ಹಿಡಿದಳು. “ಮುತ್ತಲಿಬಾಕ, ಅವರು ಸಿಕ್ಕಿದ್ರೆ...” ಎಂದಳು. ಅಷ್ಟು ದಿನ ಕೂಡಿಟ್ಟ ಮಾತಲ್ಲಿ ಯಾವುದನ್ನು ಮೊದಲು ಕಳಿಸುವುದು? ಕೊನೆಗೆ, “ಬೈಯುದಿಲ್ಲ ಅಂತ ಹೇಳಿ. ಎಷ್ಟು ಮರಳು ತಂದ್ರೂ ಬೈಯುದಿಲ್ಲ” ಎಂದಳು.

ಅವನು ಮೂರು ಮಹಡಿ ಇಳಿದ. ಮೆಟ್ಟಿಲು ಮೆಟ್ಟಿಲಿಗೂ ಮುಖವನ್ನು ಮೊದಲಿನ ಮುಖ ಮಾಡಿಕೊಳ್ಳುತ್ತ ಇಳಿದ. ಶಬೀರ್ ಗಾಡಿಯ ಬಾಗಿಲು ಒಳಗಿನಿಂದಲೇ ತೆರೆದು, ಲಿಜ್ಜಿ ಎಂತ ಹೇಳಿದಳು ಎಂದು ಕೇಳಿದ.

“ಅಳ್ತಾಳೆ. ಮತ್ತೆಂತ ಹೇಳ್ತಾಳೆ.”

“ಪಾಪ” ಎಂದ ಶಬೀರ್. ಗಾಡಿ ಹೊರಟಿತು. ಅಂಗಡಿ ಸಾಲು ದಾಟಿ ದೊಡ್ಡ ರಸ್ತೆಗೆ ಬಂದ ಮೇಲೆ, ಮುಂದೆ ನೋಡುತ್ತಲೇ ಎಡಗೈ ಚಾಚಿದ. “ನಿಮ್ಮ ಇಕಾಮಾ ಕೊಡಿ. ಮುಂದೆ ಪೊಲೀಸ್ ಚೆಕ್ಕಿಂಗ್ ಉಂಟಂತೆ, ನಾನೇ ತೋರಿಸ್ತೇನೆ.”

ಇಪ್ಪತ್ತೊಂದು ವರ್ಷ ಈ ದೇಶದಲ್ಲಿ ಮುತ್ತಲಿಬ್ ಆ ಕಾರ್ಡನ್ನು ಪೊಲೀಸರಿಗಲ್ಲದೆ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಅದಿಲ್ಲದ ಮನುಷ್ಯ ಇಲ್ಲಿ ಎಲ್ಲಿ ಬಿದ್ದಿದ್ದರೂ ಯಾರ ಲೆಕ್ಕಕ್ಕೂ ಇಲ್ಲ. ಅವನು ಕಿಸೆಗೆ ಕೈ ಹಾಕಿ ಕಾರ್ಡು ತೆಗೆದು, ಆ ಚಾಚಿದ ಅಂಗೈ ಮೇಲೆ ಇಟ್ಟ. ಶಬೀರ್ ಅದನ್ನು ನೋಡದೆ ತನ್ನ ಅಂಗಿಯ ಕಿಸೆಗೆ ಇಳಿಸಿದ.

ಇಳಿಯುವ ಸೂರ್ಯ ಗಾಜಿನ ನಡುವಿಗೇ ಬಂದು ಕಣ್ಣಿಗೆ ಹೊಡೆದ. ಫಹಾಹೀಲಿಗೆ ಹೋಗುವ ಗಾಡಿಯಾದರೆ ಈ ಹೊತ್ತಿಗೆ ಸೂರ್ಯ ಬೆನ್ನ ಹಿಂದೆ ಇರಬೇಕಿತ್ತು.

ರಸ್ತೆಯ ಎರಡೂ ಬದಿಯ ಕಟ್ಟಡಗಳು ಒಂದೊಂದಾಗಿ ಮುಗಿದವು. ಆಮೇಲೆ ದೀಪದ ಕಂಬಗಳೂ ಮುಗಿದವು. ಮುತ್ತಲಿಬ್ ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಸುಮ್ಮನೆ ಕೂತಿದ್ದ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಕೇಳಿದರೆ ಶಬೀರ್ ಎಲ್ಲಿ ಗಾಡಿ ಹಿಂದೆ ತಿರುಗಿಸಿಬಿಡುತ್ತಾನೋ ಎಂದು ಅವನಿಗೆ ಹೆದರಿಕೆ.